ಕೆಲಸ ಬಿಡಿ ಅನ್ನೋದು ಸುಲಭ

ಮಾನ್ಯ ಸಂಪಾದಕರೇ,

ನಲವತ್ತು ದಾಟಿದವರು ಕೆಲಸದಲ್ಲಿ ಖುಷಿ ಇಲ್ಲ ಅಂದ್ರೆ ಸಿಗೋದು ಎರಡೇ ಉತ್ತರ. ಭಾಷಣ ಮಾಡೋರು ‘ಬಿಟ್ಟು ಇಷ್ಟವಾದದ್ದು ಮಾಡಿ’ ಅಂತಾರೆ, ಮನೆಯವರು ‘ಇರೋದನ್ನ ಉಳಿಸ್ಕೊಳ್ಳಿ’ ಅಂತಾರೆ. ನನಗೆ ಪಾಠ ಮಾಡೋದು ಇಷ್ಟವೇ. ಆದರೆ ಈಗ ಅದೇ ಸಿಗುತ್ತಿಲ್ಲ.

ನಾನು ದಾವಣಗೆರೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಉಪನ್ಯಾಸಕ. ಒಂದು ಬ್ರ್ಯಾಂಚಿಗೆ ಇಷ್ಟೇ ಸೀಟು ಅನ್ನೋ ಮಿತಿಯನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಮಂಡಳಿ ಎಐಸಿಟಿಇ 2024-25ರಿಂದ ತೆಗೆದ ಮೇಲಂತೂ ಎಲ್ಲಿ ನೋಡಿದರೂ ಕಂಪ್ಯೂಟರ್ ಸೈನ್ಸ್. ನಮ್ಮ ಬೆಂಚುಗಳು ಖಾಲಿ. ಪಾಠ ಕಡಿಮೆಯಾದರೆ ಸುಮ್ನೆ ಸಂಬಳ ಕೊಡ್ತಾರಾ? ವರ್ಷವಿಡೀ ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನವರಿಗಾಗಿ ಫೈಲು, ಬೇಸಿಗೆ ಬಂದರೆ ಅಡ್ಮಿಷನ್ ಕ್ಯಾನ್ವಾಸ್, ತಲೆಗೆ ಇಷ್ಟು ಸೀಟು ತರಬೇಕು ಅಂತ ಟಾರ್ಗೆಟ್ ಬೇರೆ. ಕರಪತ್ರದ ಕಟ್ಟು ಹಿಡಿದು ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ಸುತ್ತುತ್ತೇವೆ. ಮೆಕ್ಕೆಜೋಳದ ಚೀಲದ ಮೇಲೆ ಕೂತಿದ್ದ ರೈತರೊಬ್ಬರು ಚಹಾ ಕೊಟ್ಟು, ‘ಸಾರ್, ನಿಮ್ಮ ಮಗನಿಗೂ ಮೆಕ್ಯಾನಿಕಲ್ಲೇ ಕೊಡಿಸ್ತೀರಾ?’ ಅಂತ ನೇರವಾಗಿ ಕೇಳಿದರು. ಥರ್ಮೋಡೈನಮಿಕ್ಸ್‌ನಲ್ಲಿ ಇದಕ್ಕೆ ಉತ್ತರ ಇಲ್ಲ.

ಇದು ನನ್ನೊಬ್ಬನ ಗೋಳಲ್ಲ. ಸಾಲ ಕೊಡೋ ಕೆಲಸ ಕಲಿತ ಬ್ಯಾಂಕಿನವರು ಇನ್ಶೂರೆನ್ಸ್ ಪಾಲಿಸಿ ಮಾರುತ್ತಿದ್ದಾರೆ. ಸರ್ಕಾರಿ ಶಾಲೆ ಮೇಷ್ಟ್ರುಗಳು 2025ರ ದಸರಾ ರಜೆಯಲ್ಲಿ ಸರ್ಕಾರದ ಜಾತಿ ಸಮೀಕ್ಷೆಗೆ ಮನೆ ಮನೆ ತಿರುಗಿದರು. ಹೀಗೆ ಸೇರಿದ ಕೆಲಸವೇ ಒಂದು, ಮಾಡೋ ಕೆಲಸವೇ ಇನ್ನೊಂದು. ಇದನ್ನ ‘ಮನಸ್ಥಿತಿ ಬದಲಿಸಿಕೊಳ್ಳಿ’ ಅಂತ ನಮ್ಮ ತಲೆಗೇ ಕಟ್ಟಿದರೆ ಹೇಗೆ? ವರ್ಷಕ್ಕೊಮ್ಮೆ ಅಪ್ರೈಸಲ್ ಫಾರಂ ತುಂಬಿಸಿಕೊಳ್ಳುವ ಆಡಳಿತ ಮಂಡಳಿಗಳು ‘ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತೆ’ ಅಂತಲೂ ಒಂದು ಕಾಲಂ ಹಾಕಲಿ. ಲ್ಯಾಬ್‌ನಲ್ಲಿ ಚುರುಕಾಗಿರೋರು ಲ್ಯಾಬಲ್ಲಿರಲಿ, ಫೈಲು ಇಷ್ಟಪಡೋರೂ ಇದ್ದಾರೆ (ನಿಜವಾಗ್ಲೂ ಇದ್ದಾರೆ), ಅವರಿಗೆ ಫೈಲು ಕೊಡಲಿ. ಇದಕ್ಕೇನೂ ಖರ್ಚಿಲ್ಲ ಅಲ್ವಾ?

ಬಿಟ್ಟು ಹೋಗೋರು ಹೋಗಲಿ, ತಪ್ಪಲ್ಲ. ಆದರೆ ‘ಬಿಟ್ಟರೆ ಎಲ್ಲಾ ಹೋಗುತ್ತೆ’ ಅನ್ನೋ ಭಯದಲ್ಲೇ ಎಷ್ಟೋ ಜನ ಹಲ್ಲು ಕಚ್ಚಿಕೊಂಡಿದ್ದಾರೆ. ಐದು ವರ್ಷ ಸೇವೆ ಆಗಿದ್ದರೆ ರಾಜೀನಾಮೆ ಕೊಟ್ಟರೂ ಗ್ರ್ಯಾಚುಟಿ (ಸೇವೆಗಾಗಿ ಸಂಸ್ಥೆ ಕೊಡೋ ಇಡಿಗಂಟು) ಬರುತ್ತೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ. ಖಾಸಗಿ ಶಾಲೆ ಕಾಲೇಜಿನ ಶಿಕ್ಷಕರಿಗೂ ಇದು ಸಲ್ಲಬೇಕು, 1997ರಿಂದಲೇ ಲೆಕ್ಕ ಅಂತ ತಂದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಪಿಎಫ್ ಕೂಡ ಹೊಸ ಕೆಲಸಕ್ಕೆ ವರ್ಗ ಆಗುತ್ತೆ.

ಯುವನಿಧಿ, ಉದ್ಯೋಗ ಮೇಳ ಎಲ್ಲಾ ಹೊಸದಾಗಿ ಪಾಸಾದ ಹುಡುಗರಿಗೆ. ಇರಲಿ, ಬೇಕು. ನಿಮ್ಮ ಉದ್ಯೋಗ ಪುಟದಲ್ಲಿ ವಾರಕ್ಕೊಂದು ಕಾಲಂ ನಲವತ್ತು ದಾಟಿದವರಿಗೂ ಕೊಡಿ. ಮೊದಲು ಗ್ರ್ಯಾಚುಟಿ ಲೆಕ್ಕ ಹಾಕೋದು ಹೇಗೆ ಅಂತ ಬರೆಸಿ, ನಮ್ಮ ಸ್ಟಾಫ್ ರೂಮಿನಲ್ಲಿ ಅಂದು ಪೇಪರಿಗೆ ಕಿತ್ತಾಟ ಗ್ಯಾರಂಟಿ.

– ಒಬ್ಬ ಉಪನ್ಯಾಸಕ, ವಿದ್ಯಾನಗರ, ದಾವಣಗೆರೆ