ಸಂಗೀತದ ಪೀರಿಯಡ್ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ಹೋದ ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಕೇಳಿದಿರಿ, ಎಂಟನೇ ತರಗತಿಯಿಂದ ಸಂಗೀತದ ಪೀರಿಯಡ್ ತೆಗೆದು ಗಣಿತಕ್ಕೆ ಕೊಡಬಾರದೇ ಎಂದು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಎಲ್ಲರ ಮನೆಯಲ್ಲೂ ಈ ಮಾತು ಶುರುವಾಗುತ್ತದೆ. ಉತ್ತರ ಕೊಡುವ ಮುಂಚೆ ಒಬ್ಬ ಸೆಲ್ಲೊ ವಾದಕರ ಮನೆಯ ಕಥೆ ಹೇಳುತ್ತೇನೆ. ಅವರ ಸಂಗೀತಕ್ಕಿಂತ ಅವರ ಅಪ್ಪ ಅಮ್ಮನ ಜಗಳವೇ ನಮಗೆ ಇಲ್ಲಿ ಜಾಸ್ತಿ ಬೇಕಾದ್ದು.

ಅವರು ಪಾಬ್ಲೊ ಕಸಾಲ್ಸ್. ಹುಟ್ಟಿದ್ದು 1876ರಲ್ಲಿ, ಸ್ಪೇನಿನ ಕ್ಯಾಟಲೋನಿಯಾದ ಎಲ್ ವೆಂಡ್ರೆಲ್ ಎಂಬ ಸಣ್ಣ ಊರಲ್ಲಿ. ಅಪ್ಪ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ವರಮಾನ ಅಷ್ಟಕ್ಕಷ್ಟೇ. ಒಮ್ಮೆ ಊರಿಗೆ ಬಂದ ಅಲೆಮಾರಿ ವಾದಕರ ಹತ್ತಿರ ಒಂದು ವಿಚಿತ್ರ ತಂತಿವಾದ್ಯ ನೋಡಿ ಹುಡುಗ ಹಟ ಹಿಡಿದ. ಅಪ್ಪ ಒಣಗಿದ ಸೋರೆಬುರುಡೆಗೆ ಕೋಲು ಕಟ್ಟಿ ತಂತಿ ಬಿಗಿದು ಅಂಥದ್ದೇ ಒಂದನ್ನು ಮಾಡಿಕೊಟ್ಟರು. ನಿಜವಾದ ಸೆಲ್ಲೊ ಕೇಳಿದ್ದು ಹನ್ನೊಂದನೇ ವಯಸ್ಸಿನಲ್ಲಿ. ಕಲಿತರೆ ಇದನ್ನೇ ಎಂದು ಪಾಬ್ಲೊ ಪಟ್ಟು ಹಿಡಿದ.

ಸೆಲ್ಲೊ ನೋಡದವರಿಗೆ ಹೇಳುವುದಾದರೆ, ಅದು ಪಿಟೀಲಿನ ಆಕಾರದ್ದೇ, ಆದರೆ ತುಂಬಾ ದೊಡ್ಡದು. ಕುರ್ಚಿಯಲ್ಲಿ ಕೂತು, ಮಂಡಿಗಳ ನಡುವೆ ಆನಿಸಿಕೊಂಡು ಕಮಾನಿನಿಂದ ನುಡಿಸುತ್ತಾರೆ. ಸ್ವರ ಗಂಡಸರ ಕಂಠಕ್ಕೆ ಹತ್ತಿರ. ಸಿನಿಮಾ ಹಾಡುಗಳ ಹಿನ್ನೆಲೆಯಲ್ಲಿ ನೀವು ಕೇಳಿಯೇ ಇರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ ಅಷ್ಟೇ.

ಈಗ ಜಗಳಕ್ಕೆ ಬರೋಣ. ಸಂಗೀತದಲ್ಲಿ ಹೊಟ್ಟೆ ತುಂಬುವುದಿಲ್ಲ ಎಂದು ಅಪ್ಪನಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. ಮಗನನ್ನು ಬಡಗಿ ಕೆಲಸಕ್ಕೆ ಸೇರಿಸಬೇಕು ಎಂದರು. ಅಮ್ಮ ಪಿಲಾರ್ ಒಪ್ಪಲಿಲ್ಲ. 1888ರಲ್ಲಿ ಮಗನನ್ನು ಬಾರ್ಸಿಲೋನಾಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಮುನಿಸಿಪಲ್ ಸಂಗೀತ ಶಾಲೆಗೆ ಸೇರಿಸಿದರು. ಇಂಥ ಕಥೆಗಳಲ್ಲಿ ಅಪ್ಪನನ್ನು ಖಳನಾಯಕ ಮಾಡಿಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಎರಡು ವರ್ಷದ ಮೇಲೆ ಮಗನನ್ನು ನೋಡಲು ಬಂದಾಗ ಅವನಿಗೆ ಮೊದಲ ಪೂರ್ಣ ಅಳತೆಯ ಸೆಲ್ಲೊ ಕೊಡಿಸಿದವರು ಆ ಅಪ್ಪನೇ.

ಅದೇ ದಿನ ಇನ್ನೊಂದು ಸಂಗತಿ ನಡೆಯಿತು. ಪಾಬ್ಲೊ ಆಗಲೇ ಒಂದು ಕೆಫೆಯಲ್ಲಿ ನುಡಿಸಿ ನಾಲ್ಕು ಕಾಸು ದುಡಿಯುತ್ತಿದ್ದ. ಅಲ್ಲಿಗೆ ಹೊಸ ಸಂಗೀತ ಬೇಕು ಎಂದು ಅಪ್ಪ ಮಗ ಬಂದರಿನ ಹತ್ತಿರದ ಹಳೇ ಅಂಗಡಿಯಲ್ಲಿ ಹುಡುಕಿದರು. ಜರ್ಮನಿಯ ಹಳೆಯ ಸಂಗೀತ ರಚನೆಕಾರ ಬಾಕ್ ಬರೆದ, ಒಂಟಿ ಸೆಲ್ಲೊಗೆಂದೇ ಇರುವ ಆರು ಸ್ವೀಟ್‌ಗಳ ಪುಸ್ತಕ ಕೈಗೆ ಸಿಕ್ಕಿತು. ಸ್ವೀಟ್ ಎಂದರೆ ಒಂದರ ಹಿಂದೆ ಒಂದು ನುಡಿಸುವ ಸಣ್ಣ ರಚನೆಗಳ ಗುಚ್ಛ. ಆ ಕಾಲದಲ್ಲಿ ಅವನ್ನು ಬೆರಳು ಪಳಗಿಸುವ ಪಾಠ ಎಂದಷ್ಟೇ ನೋಡುತ್ತಿದ್ದರು. ವೇದಿಕೆಯಲ್ಲಿ ಒಂದಿಡೀ ಸ್ವೀಟ್ ನುಡಿಸುವವರೇ ಇರಲಿಲ್ಲ. ಪಾಬ್ಲೊ ದಿನಾ ಅಭ್ಯಾಸಕ್ಕೆ ಕೂತ. ಜನರ ಮುಂದೆ ಒಂದು ಸ್ವೀಟ್ ನುಡಿಸುವ ಧೈರ್ಯ ಬಂದದ್ದು ಇಪ್ಪತ್ತೈದರ ಆಸುಪಾಸಿನಲ್ಲಿ, ಅಂದರೆ ಸುಮಾರು 12 ವರ್ಷದ ಮೇಲೆ. ಆರನ್ನೂ ರೆಕಾರ್ಡ್ ಮಾಡಿ ಮುಗಿಸಿದ್ದು 1939ರಲ್ಲಿ. ಅಷ್ಟರಲ್ಲಿ ವಯಸ್ಸು ಅರವತ್ತು ದಾಟಿತ್ತು. ಮೂರು ತಿಂಗಳಲ್ಲಿ ಕೀಬೋರ್ಡ್ ಕಲಿಸುತ್ತೇವೆ ಎನ್ನುವ ಜಾಹೀರಾತು ನೋಡಿದಾಗ ನನಗೆ ಇದು ನೆನಪಾಗುತ್ತದೆ.

ನಡುವೆ ಕಷ್ಟಗಳೂ ಇದ್ದವು. ಸ್ಪೇನಿನ ರಾಣಿ ಕೊಡುತ್ತಿದ್ದ ವಿದ್ಯಾರ್ಥಿವೇತನ ನಿಂತುಹೋಯಿತು. 1895ರಲ್ಲಿ ಮಗನ ಸಂಗೀತಕ್ಕೆಂದು ಹೋಗಿದ್ದ ಪ್ಯಾರಿಸ್‌ನ ಚಳಿಯಲ್ಲಿ ಅಮ್ಮ ಬಟ್ಟೆ ಹೊಲಿದು ಮನೆ ನಡೆಸಿದರು, ಒಂದು ದಿನ ತಮ್ಮ ಉದ್ದನೆಯ ಕೂದಲನ್ನೇ ಮಾರಿ ಬಂದರು ಎಂದು ಕಸಾಲ್ಸ್ ಮುಂದೆ ನೆನೆದಿದ್ದಾರೆ. ನೀವೂ ಹಾಗೆ ಮಾಡಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆ ಪ್ಯಾರಿಸ್ ಪ್ರಯತ್ನ ಆಗ ಕೈಗೂಡಲೂ ಇಲ್ಲ, ಮನೆಯವರೆಲ್ಲ ಬಾರ್ಸಿಲೋನಾಕ್ಕೆ ಮರಳಿದರು. ಹೆಸರು ಬಂದದ್ದು 1899ರಲ್ಲಿ, ಮತ್ತೆ ಪ್ಯಾರಿಸ್‌ಗೆ ಹೋಗಿ ನುಡಿಸಿದ ಮೇಲೆ.

ಹೆಸರು ಬಂದ ಮೇಲೂ ವೇದಿಕೆಯ ಭಯ ಹೋಗಲಿಲ್ಲ. 1901ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಬೆಟ್ಟ ಹತ್ತುವಾಗ ಕಲ್ಲುರುಳಿ ಎಡಗೈ ಬೆರಳಿಗೆ ಪೆಟ್ಟಾಯಿತು. ಆಗ ಅವರಿಗೆ ಮೊದಲು ಹೊಳೆದದ್ದು ಏನು ಗೊತ್ತೇ? ಸದ್ಯ, ಇನ್ನು ಸೆಲ್ಲೊ ನುಡಿಸಬೇಕಾಗಿಲ್ಲ ಎಂದು! ಪರೀಕ್ಷೆಯ ಹಿಂದಿನ ದಿನ ಜ್ವರ ಬಂದರೆ ಒಳಗೊಳಗೇ ಖುಷಿಪಡುವ ನಮ್ಮ ಮಕ್ಕಳ ಹಾಗೇ, ಅಲ್ವಾ?

ಮಕ್ಕಳಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಅವರ ಬದುಕಿನ ಕೊನೆಯ ಭಾಗ. ಸ್ಪೇನಿನ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೊ ಗೆದ್ದು ಸರ್ವಾಧಿಕಾರಿಯಾದಾಗ ಕಸಾಲ್ಸ್ ದೇಶ ಬಿಟ್ಟರು. ಗಡಿಯಾಚೆ ಫ್ರಾನ್ಸಿನ ಪ್ರಾದ್ ಎಂಬ ಊರಲ್ಲಿ ನೆಲೆಸಿ, ಶಿಬಿರಗಳಲ್ಲಿದ್ದ ಸ್ಪೇನಿನ ನಿರಾಶ್ರಿತರ ನೆರವಿಗೆ ದುಡಿದರು. ಮಹಾಯುದ್ಧ ಮುಗಿದರೂ ಉಳಿದ ದೇಶಗಳು ಫ್ರಾಂಕೊನನ್ನು ಕೆಳಗಿಳಿಸಲಿಲ್ಲ. ಬೇಸತ್ತ ಕಸಾಲ್ಸ್ ಕಛೇರಿ ಕೊಡುವುದನ್ನೇ ನಿಲ್ಲಿಸಿದರು. ಕೀರ್ತಿಯ ತುದಿಯಲ್ಲಿದ್ದವರು ಹೀಗೆ ಮಾಡುವುದು ಸಣ್ಣ ಮಾತಲ್ಲ. ಕಸಾಲ್ಸ್ ಬರದಿದ್ದರೆ ನಾವೇ ಹೋಗೋಣ ಎಂದು 1950ರಲ್ಲಿ ಹೆಸರಾಂತ ವಾದಕರು ಪ್ರಾದ್‌ಗೇ ಬಂದು ಅವರ ಜೊತೆ ಬಾಕ್ ಉತ್ಸವ ನಡೆಸಿದರು. 1961ರಲ್ಲಿ ಅಮೆರಿಕದ ಶ್ವೇತಭವನದಲ್ಲಿ ಅವರು ನುಡಿಸಿದ್ದು ಆಗಿನ ಅಧ್ಯಕ್ಷ ಕೆನಡಿ ಮೇಲಿನ ಗೌರವದಿಂದ. 1973ರಲ್ಲಿ, 96ನೇ ವಯಸ್ಸಿನಲ್ಲಿ, ತಾಯಿಯ ತವರಾದ ಪೋರ್ಟೊರಿಕೊದಲ್ಲಿ ತೀರಿಕೊಂಡರು. ಫ್ರಾಂಕೊ ಸತ್ತದ್ದು ಅದಾಗಿ ಎರಡು ವರ್ಷಕ್ಕೆ. 1979ರಲ್ಲಿ ಕಸಾಲ್ಸ್ ಅವರ ಅವಶೇಷಗಳನ್ನು ಎಲ್ ವೆಂಡ್ರೆಲ್‌ಗೆ ತಂದರು.

ಇನ್ನು ನನ್ನ ಉತ್ತರ. ನಿಮ್ಮ ಮಗು ಕಸಾಲ್ಸ್ ಆಗಲಿ ಎಂದು ಈ ಪೀರಿಯಡ್ ಇಟ್ಟಿಲ್ಲ. ವಾರಕ್ಕೆ ಒಂದೇ ಒಂದು ಪೀರಿಯಡ್ ಅದು. ಅದನ್ನೂ ಗಣಿತಕ್ಕೆ ಕೊಟ್ಟರೆ ಅಂಕ ಏರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಹಾಗಾಗಿ ಎಂಟು, ಒಂಬತ್ತನೇ ತರಗತಿಗೆ ಸಂಗೀತ ಈಗಿರುವಂತೆಯೇ ಇರುತ್ತದೆ. ಗಣಿತದಲ್ಲಿ ಹಿಂದುಳಿದವರಿಗೆ ಸಂಜೆ ಶಾಲೆ ಬಿಟ್ಟ ಮೇಲೆ ಬೇರೆ ತರಗತಿ ಮಾಡುತ್ತೇವೆ. ಹತ್ತನೇ ತರಗತಿಯವರಿಗೆ ಮಾತ್ರ ಆಯ್ಕೆ ನಿಮ್ಮದು. ಮಗುವನ್ನು ಕೂರಿಸಿಕೊಂಡು ಒಮ್ಮೆ ಕೇಳಿ, ಆಮೇಲೆ ಬೇಕು ಅಥವಾ ಬೇಡ ಎಂದು ಡೈರಿಯಲ್ಲಿ ಬರೆದು ಕಳಿಸಿ. ಅಪ್ಪ ಅಮ್ಮ ಇಬ್ಬರ ಸಹಿಯೂ ಇರಲಿ.

ಬರುವ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಕಸಾಲ್ಸ್ ನುಡಿಸಿದ ಮೊದಲ ಸ್ವೀಟ್ ಅನ್ನು ಸಭಾಂಗಣದಲ್ಲಿ ಕೇಳಿಸುತ್ತೇವೆ. ಹಳೇ ರೆಕಾರ್ಡಿಂಗ್, ಸ್ವಲ್ಪ ಗರಗರ ಎನ್ನುತ್ತದೆ. ಬಿಡುವಿದ್ದವರು ಬನ್ನಿ, ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿರುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯರು