ಹಂಡೆ ಒಲೆ ಹಚ್ಚಿದವರು ಯಾರು?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳೇ ಕಾಲದ ದಿನಚರಿ ಬಗ್ಗೆ ಬಂದ ಬರಹ ಓದಿದೆ. ಹಿಂದಿನವರು ಹೊತ್ತು ಹುಟ್ಟೋ ಮುಂಚೆ ಎದ್ದು ದಿನಾ ಬಿಸಿನೀರ ಸ್ನಾನ ಮಾಡುತ್ತಿದ್ದರು, ವಾರಕ್ಕೆ ಎರಡು ಸಲ ಎಣ್ಣೆನೀರು, ಅದಕ್ಕೇ ಗಟ್ಟಿಮುಟ್ಟಾಗಿದ್ದರು ಅಂತ ಅದರಲ್ಲಿತ್ತು. ಬರಹ ಚೆನ್ನಾಗಿತ್ತು. ಆದರೆ ಆ ನೀರು ತಾನೇ ನಡ್ಕೊಂಡು ಬಂದು ಹಂಡೆ ಹತ್ತಿ ಕೂರುತ್ತಿತ್ತೇನೋ ಅನ್ನೋ ಹಾಗಿತ್ತು.

ನನಗೀಗ 67. ಹುಟ್ಟಿದ್ದು ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಿ. ಅಂಚೆ ಇಲಾಖೆಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಿಯಾಗಿ ತುಮಕೂರಿನಲ್ಲಿದ್ದೇನೆ. ನಮ್ಮ ಮನೆಯ ಬಚ್ಚಲಿನ ವಿಷಯ ಸ್ವಲ್ಪ ಹೇಳಬೇಕು ಅನ್ನಿಸಿತು.

ಮೊದಲನೆಯದಾಗಿ, ನಮ್ಮಮ್ಮನ ಬಾಯಲ್ಲಿ ‘ಸ್ನಾನ’ ಅನ್ನೋ ಮಾತೇ ಕಡಿಮೆ. ಅದು ಮೇಷ್ಟ್ರುಗಳ ಮಾತು, ಪಠ್ಯಪುಸ್ತಕದ ಮಾತು. ಅಮ್ಮ ಹೇಳುತ್ತಿದ್ದದ್ದು ‘ಕೈಕಾಲು ಮುಖ ತೊಳ್ಕೊ’, ‘ಮೈ ತೊಳ್ಕೊ’, ‘ಎರ್ಕೊ’. ಮೂರೂ ಬೇರೆ ಬೇರೆ. ಕೈಕಾಲು ಮುಖ ದಿನಾ, ಒಂದಲ್ಲ ಮೂರು ಸಲ. ಮೈ ತೊಳೆಯೋದು ನೀರಿದ್ದ ಹಾಗೆ. ತಲೆಗೆ ಎರ್ಕೊಳ್ಳೋದು ವಾರದ ಲೆಕ್ಕ. ಧಾರವಾಡದ ಕಡೆಯವರು ಜಳಕ ಅಂತಾರೆ, ಕರಾವಳಿ ಕಡೆಯವರು ಮೀಯೋದು ಅಂತಾರೆ. ಈಗ ಎಲ್ಲಾ ಸೇರಿ ಒಂದೇ ‘ಸ್ನಾನ’ ಆಗಿ, ಅದೂ ಹೋಗಿ ಮೊಮ್ಮಕ್ಕಳ ಬಾಯಲ್ಲಿ ‘ಬಾತ್’ ಆಗಿದೆ. ದಿನಾ ಬಿಸಿನೀರಲ್ಲಿ ಮೈ ತೊಳೀತಿದ್ದದ್ದು ನಮ್ಮ ಮನೇಲಿ ಇಬ್ಬರೇ. ಪೂಜೆ ಮಾಡುವ ತಾತ, ಸ್ಕೂಲಿಗೆ ಹೋಗುವ ಚಿಕ್ಕಪ್ಪ.

ಹಂಡೆ ತಾಮ್ರದ್ದು. ಬಚ್ಚಲಿನ ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿ, ಸುತ್ತ ಮಣ್ಣು ಮೆತ್ತಿದ್ದರು. ಹನ್ನೆರಡು ಕೊಡ ಹಿಡಿಯುತ್ತಿತ್ತು. ಕೊಡಕ್ಕೆ 12 ಲೀಟರ್ ಅಂದುಕೊಂಡರೂ 144 ಲೀಟರ್ ಆಯಿತು. ಸೇದೋ ಬಾವಿ ಊರಾಚೆ. ಅಮ್ಮ ತಲೆ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಬಂದರೆ ಆರು ಸಲ ಓಡಾಟ. ಇದು ಹಂಡೆಗೆ ಮಾತ್ರ. ಕುಡಿಯೋಕೆ, ಅಡಿಗೆಗೆ, ದನಕ್ಕೆ ಬೇರೆ. ಒಲೆ ಹಚ್ಚೋದು ನಾಲ್ಕೂವರೆಗೆ. ತೆಂಗಿನ ಎಡಮಟ್ಟೆ, ಗರಿ, ಒಣಗಿದ ಕಾಯಿ ಸಿಪ್ಪೆ, ಎಲ್ಲ ಹಾಕಬಹುದು. ಚಿಪ್ಪು ಮಾತ್ರ ಮುಟ್ಟೋ ಹಾಗಿರಲಿಲ್ಲ. ಅದಕ್ಕೆ ಕಾಸು ಬರುತ್ತಿತ್ತಲ್ಲ! ಮಳೆಗಾಲದಲ್ಲಿ ಸಿಪ್ಪೆ ಹಸಿ. ಊದುಕೊಳವೆ ಹಿಡಿದು ಊದಿ ಊದಿ ಅಮ್ಮನ ಕಣ್ಣು ಕೆಂಡದ ಹಾಗಾಗುತ್ತಿತ್ತು. ನಾವು ಏಳೋ ಹೊತ್ತಿಗೆ ಬಚ್ಚಲ ತುಂಬಾ ಹೊಗೆ, ಹಂಡೆಯಲ್ಲಿ ಗುಂಯ್ ಅನ್ನೋ ಸದ್ದು. ಆ ಒಲೆಯ ಇದ್ದಿಲೇ ನಮ್ಮ ಹಲ್ಲುಪುಡಿ, ಅದರ ಬೂದಿಯೇ ಪಾತ್ರೆ ತಿಕ್ಕೋ ಪುಡಿ.

ನೀರು ಬಳಸೋಕೂ ಒಂದು ಸರದಿ. ಮೊದಲು ತಾತ, ಆಮೇಲೆ ಅಪ್ಪ, ಚಿಕ್ಕಪ್ಪ, ಮಕ್ಕಳು. ಒಬ್ಬರು ಎರಡು ಚೊಂಬು ಬಿಸಿನೀರು ತೆಗೆದರೆ ಹಂಡೆಗೆ ಎರಡು ಚೊಂಬು ತಣ್ಣೀರು ಹುಯ್ಯಬೇಕು, ಇಲ್ಲದಿದ್ದರೆ ತಾಮ್ರ ಸುಡುತ್ತೆ. ಹಾಗಾಗಿ ಕೊನೆಯವರಿಗೆ ಬರೀ ಉಗುರುಬೆಚ್ಚಗಿನ ನೀರು. ಕೊನೆಯವರು ಯಾರು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಹಂಡೆಯೇ ಇಲ್ಲದ ಮನೆಗಳೂ ಬೇಕಾದಷ್ಟಿದ್ದವು. ಮಣ್ಣಿನ ಮಡಕೆಯಲ್ಲಿ ಕಾಯಿಸುತ್ತಿದ್ದರು, ಇಲ್ಲವೇ ಕೆರೆಗೆ ಹೋಗುತ್ತಿದ್ದರು. ಆ ಸೇದೋ ಬಾವಿಗೂ ಎಲ್ಲರೂ ಬರುವ ಹಾಗಿರಲಿಲ್ಲ. ಕೇರಿಯ ಹೆಂಗಸರು ಕಟ್ಟೆಯಿಂದಾಚೆ ಕೊಡ ಇಟ್ಟು, ಯಾರಾದರೂ ಸೇದಿ ಹುಯ್ಯಲಿ ಅಂತ ಕಾಯುತ್ತಾ ನಿಂತಿರುತ್ತಿದ್ದರು. ಒಂದೊಂದು ದಿನ ಬಿಸಿಲೇರುವವರೆಗೂ. ಅವರಿಗೆ ಹೊತ್ತು ಹುಟ್ಟೋ ಮುಂಚಿನ ಬಿಸಿನೀರ ಸ್ನಾನದ ವಿಷಯ ಹೇಳಿದ್ದರೆ ಏನನ್ನುತ್ತಿದ್ದರೋ.

ಎಣ್ಣೆನೀರಿನ ಮಾತಿಗೆ ಬರುತ್ತೇನೆ. ಗಂಡಸರಿಗೆ ಬುಧವಾರ, ಶನಿವಾರ. ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಲೆಕ್ಕ ಇದ್ದದ್ದು ಹಾಗೆ, ನಡೆದದ್ದು ಮಾತ್ರ ಗಂಡಸರದೇ ಜಾಸ್ತಿ. ಹರಳೆಣ್ಣೆ ಬಿಸಿ ಮಾಡಿ ನೆತ್ತಿಗೆ ತಟ್ಟಿ, ಸೀಗೆಪುಡಿ ಹಾಕಿ ಉಜ್ಜಿದರೆ ಕಣ್ಣೆಲ್ಲ ಉರಿ. ಆಮೇಲೆ ಮೆಣಸಿನ ಸಾರು, ಅನ್ನ, ಒಂದು ನಿದ್ದೆ. ಎಣ್ಣೆನೀರಿನ ದಿನ ಮಧ್ಯಾಹ್ನ ಅಪ್ಪ ಮಲಗುತ್ತಿದ್ದರು. ಅಮ್ಮ ಎರ್ಕೊಂಡ ದಿನ ಮಲಗಿದ್ದು ನಾನು ನೋಡಿಲ್ಲ. ಹೆಂಗಸರ ಉದ್ದ ಕೂದಲಿಗೆ ನೀರೂ ಜಾಸ್ತಿ ಬೇಕು, ಆ ನೀರನ್ನು ತರಬೇಕಾದವರೂ ಅವರೇ. ಹಾಗಾಗಿ ಎಷ್ಟೋ ಶುಕ್ರವಾರ ತಲೆಗೆ ಮೂರು ಚೊಂಬು ನೀರಲ್ಲೇ ಮುಗಿಯುತ್ತಿತ್ತು.

ವರ್ಷಕ್ಕೆ ಒಂದೇ ದಿನ ಇದು ತಿರುಗುಮುರುಗು. ದೀಪಾವಳಿಯ ನೀರು ತುಂಬೋ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಹೂ ಏರಿಸಿ ಪೂಜೆ. ಅವತ್ತು ನಮ್ಮ ಚಿಕ್ಕಪ್ಪನೂ ಪಂಚೆ ಎತ್ತಿ ಕಟ್ಟಿಕೊಂಡು ನೀರು ಸೇದುತ್ತಿದ್ದರು. ನಾಲ್ಕು ಕೊಡ ಸೇದಿ ಊರಿಗೆಲ್ಲ ಸಾರುತ್ತಿದ್ದರು.

ಸೋಪಿನ ವಿಷಯ ಸ್ವಲ್ಪದರಲ್ಲೇ ಹೇಳಿಬಿಡುತ್ತೇನೆ. ನಮಗೆ ಕೆಂಪು ಲೈಫ್‌ಬಾಯ್, ಅದೂ ದಾರದಲ್ಲಿ ಅರ್ಧ ಕೊಯ್ದಿದ್ದು. ಮೈಸೂರು ಸ್ಯಾಂಡಲ್ ಬಿಚ್ಚಿದರೆ ನೆಂಟರು ಬಂದಿದ್ದಾರೆ ಅಂತ ಅರ್ಥ. ಮೊದಲ ಮಹಾಯುದ್ಧದ ಕಾಲದಲ್ಲಿ ಹೊರದೇಶದವರು ನಮ್ಮ ಗಂಧದ ಮರ ಕೊಳ್ಳೋದು ನಿಂತು, ಮೈಸೂರು ಸರ್ಕಾರ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿತು. ಅದರ ಬೆನ್ನಿಗೇ ಬಂದ ಸೋಪು ಇದು. ಖಾಲಿ ಡಬ್ಬವನ್ನು ಅಮ್ಮ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಇಡುತ್ತಿದ್ದರು. ಅವರ ಪಾಲಿಗೆ ಬಂದದ್ದು ಆ ವಾಸನೆಯೇ.

ನಮ್ಮೂರಿನ ಬೆಳಗು ಬದಲಾದದ್ದು ಸೋಪಿನಿಂದಲ್ಲ, ಕೈಪಂಪಿನಿಂದ. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ನಮ್ಮ ಬೀದಿ ತುದಿಗೂ ಒಂದು ಪಂಪು ಬಂತು. ಮೊದಮೊದಲು ಸರದಿಗೆ ಜಗಳ, ಯಾರು ಮುಟ್ಟಬೇಕು ಅಂತಲೂ ಜಗಳ. ಆದರೆ ಪಂಪಿಗೆ ಕಟ್ಟೆ ಇಲ್ಲ, ಹಗ್ಗ ಇಲ್ಲ. ಕೇರಿಯ ಹೆಂಗಸರು ಬಂದರು, ಒತ್ತಿದರು, ತುಂಬಿಕೊಂಡು ಹೋದರು. 1988ರಲ್ಲಿ ನಜೀರ್ ಸಾಬ್ ತೀರಿಕೊಂಡ ಸುದ್ದಿ ಕೇಳಿ ಅಮ್ಮ, ‘ನನ್ನ ಸೊಂಟ ಉಳಿಸಿದ ಪುಣ್ಯಾತ್ಮ’ ಅಂದರು. ರಾಜಕೀಯದವರ ಬಗ್ಗೆ ಅವರು ಒಳ್ಳೆ ಮಾತಾಡಿದ್ದು ಅದೊಂದೇ ಸಲ.

ಆ ಹೊತ್ತಿಗೆ ನಾನು ಸಂಸಾರಸಮೇತ ತುಮಕೂರಿಗೆ ಬಂದಿದ್ದೆ. ಬಕೆಟ್ಟಿಗೆ ಕರೆಂಟ್ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುತ್ತಿದ್ದೆವು. ಎಣ್ಣೆನೀರಿನ ವಾರವೂ ಬದಲಾಯಿತು. ಆಫೀಸಿಗೆ ರಜ ಭಾನುವಾರ, ಹಾಗಾಗಿ ಶನಿವಾರದ್ದು ಭಾನುವಾರಕ್ಕೆ ಜಾರಿತು. 1987ರಲ್ಲಿ ದೂರದರ್ಶನದಲ್ಲಿ ಭಾನುವಾರ ಒಂಬತ್ತೂವರೆಗೆ ರಾಮಾಯಣ ಶುರುವಾದ ಮೇಲೆ ಇನ್ನೊಂದು ಪಜೀತಿ. ಅಷ್ಟರೊಳಗೆ ಎಲ್ಲರದೂ ಎರ್ಕೊಂಡು ಮುಗಿಯಬೇಕು! ಮಕ್ಕಳು ಒದ್ದೆ ತಲೆಯಲ್ಲೇ ಪಕ್ಕದ ಮನೆಗೆ ಓಡುತ್ತಿದ್ದರು. ಹರಳೆಣ್ಣೆಯ ಜಾಗಕ್ಕೆ ಶಾಂಪೂ ಸ್ಯಾಶೆ ಬಂದದ್ದೂ ಆ ಅವಸರದಲ್ಲೇ, ನಮ್ಮ ಮನೆ ಮಟ್ಟಿಗಂತೂ.

2008ರಲ್ಲಿ ಸ್ವಂತ ಮನೆ ಕಟ್ಟಿಸಿದೆವು. ಹೊಸ ಮನೆಗಳಿಗೆ ಸೋಲಾರ್ ಕಡ್ಡಾಯ ಅಂತ ಆಗಷ್ಟೇ ಸರ್ಕಾರದ ಆದೇಶ ಬಂದಿತ್ತು. ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಬೇರೆ. ಅಮ್ಮನನ್ನು ಊರಿಂದ ಕರೆತಂದೆ. ಮೊದಲ ದಿನ ನಲ್ಲಿ ತಿರುಗಿಸಿ ತೋರಿಸಿದೆ. ಸ್ವಲ್ಪ ಹೊತ್ತು ತಣ್ಣೀರು ಬಂತು, ಆಮೇಲೆ ಹಬೆಯಾಡುವ ನೀರು. ಕೈ ಒಡ್ಡಿ ನೋಡಿ, ‘ಒಲೆ ಎಲ್ಲಿಟ್ಟಿದ್ದೀರಿ?’ ಅಂದರು. ಮಾಳಿಗೆ ಮೇಲೆ ಅಂದೆ. ‘ಹತ್ತಿ ಹಚ್ಚೋರು ಯಾರು?’ ಅಂದರು. ಮಾಳಿಗೆಗೆ ಕರೆದುಕೊಂಡು ಹೋಗಿ ಗಾಜಿನ ಹಲಗೆ ತೋರಿಸಿದ ಮೇಲೂ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಬಂದ ಮೇಲೂ ನಾಲ್ಕೂವರೆಗೇ ಏಳುತ್ತಿದ್ದರು. ಏಳಬೇಡಮ್ಮಾ, ಕೆಲಸ ಏನಿಲ್ಲ ಅಂದರೆ ಕೇಳುತ್ತಿರಲಿಲ್ಲ. ಎದ್ದು ಬಚ್ಚಲ ಬಾಗಿಲಲ್ಲಿ ಸುಮ್ನೆ ಕೂತಿರುತ್ತಿದ್ದರು. ಪೈಪಿನಲ್ಲಿ ನಿಂತ ಆ ಮೊದಲ ತಣ್ಣೀರನ್ನು ಬಕೆಟ್ಟಿಗೆ ಹಿಡಿದು, ಅದರಲ್ಲೇ ತಾವು ಮೈ ತೊಳೆದುಕೊಂಡು, ಬಿಸಿನೀರು ಬಂದ ಮೇಲೆ ನಮ್ಮನ್ನು ಎಬ್ಬಿಸುತ್ತಿದ್ದರು. ಬೈದರೂ ಬಿಡಲಿಲ್ಲ. ಬಚ್ಚಲ ಕಿಟಕಿಯಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಇಟ್ಟಿದ್ದರು. ಯಾಕಮ್ಮ ಅಂದರೆ, ‘ಕರೆಂಟ್ ಹೋದರೆ ಬೇಕಾಗುತ್ತೆ’ ಅನ್ನೋರು. ಸೋಲಾರ್‌ಗೆ ಕರೆಂಟ್ ಬೇಡ ಅಂತ ನಾನೂ ಹೇಳೋಕೆ ಹೋಗಲಿಲ್ಲ.

— ನಿವೃತ್ತ ಅಂಚೆ ನೌಕರೆ, ತುಮಕೂರು