ಎಚ್‌ಟಿಟಿಪಿಎಸ್ ಇಲ್ಲದೆ ಪಾಸ್‌ವರ್ಡ್ ಭದ್ರವಲ್ಲ

ಸಂಪಾದಕರೇ,

ಹಾಸನ ಜಿಲ್ಲೆಯಲ್ಲಿ ಈಗ ಸಣ್ಣ ಸಣ್ಣ ಸೊಸೈಟಿಗಳೂ ಕಾಫಿ ವ್ಯಾಪಾರಿಗಳೂ ಲೆಕ್ಕವನ್ನು ಆನ್‌ಲೈನ್‌ಗೆ ಹಾಕುತ್ತಿದ್ದಾರೆ. ಒಳ್ಳೆಯದೇ. ಸಾಲ ಎಷ್ಟು ಬಾಕಿ ಇದೆ ಎಂದು ಕೇಳಲು ಬಸ್ ಹತ್ತಿ ಬರುವುದು ತಪ್ಪುತ್ತದೆ. ಆದರೆ ಸಾಫ್ಟ್‌ವೇರ್ ಮಾರುವ ಕೆಲವರು ಒಂದು ಮಾತು ಹೇಳುತ್ತಾರೆ, ಅದರ ಬಗ್ಗೆ ಬರೆಯಲೇಬೇಕು ಅನ್ನಿಸಿತು. 'ನಮ್ಮದರಲ್ಲಿ ಪಾಸ್‌ವರ್ಡ್ ನಿಮ್ಮ ಬ್ರೌಸರ್ ಬಿಟ್ಟು ಹೊರಗೇ ಹೋಗಲ್ಲ ಸಾರ್, ಎಚ್‌ಟಿಟಿಪಿಎಸ್ ಇಲ್ಲದಿದ್ರೂ ನಡೆಯುತ್ತೆ.' ಎಚ್‌ಟಿಟಿಪಿಎಸ್ ಅಂದರೆ ನಿಮ್ಮ ಬ್ರೌಸರ್‌ಗೂ ಸೈಟ್ ನಡೆಸುವ ಕಂಪ್ಯೂಟರಿಗೂ (ಸರ್ವರ್) ನಡುವಿನ ದಾರಿಗೆ ಹಾಕುವ ಬೀಗ. ಸಕಲೇಶಪುರದ ಕಡೆ ಒಂದು ಸೊಸೈಟಿಯ ಲಾಗಿನ್ ಪುಟದಲ್ಲಿ ಇದೇ ವ್ಯವಸ್ಥೆ ನೋಡಿದೆ. ನಡೆಯುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ನೀವು ಲಾಗಿನ್ ಆಗುವಾಗ ಪ್ರತಿ ಸಲವೂ ಸರ್ವರ್ ಸವಾಲಾಗಿ ಒಂದು ಹೊಸ ಸಂಖ್ಯೆ ಕಳಿಸುತ್ತದೆ. ಬ್ರೌಸರ್ ಆ ಸಂಖ್ಯೆಯನ್ನೂ ನಿಮ್ಮ ಪಾಸ್‌ವರ್ಡನ್ನೂ ಸೇರಿಸಿ ಹ್ಯಾಶ್ ಮಾಡಿ (ಅಂದರೆ ವಾಪಸ್ ಬಿಡಿಸಲು ಬರದಂಥ ಲೆಕ್ಕ ಹಾಕಿ), ಬಂದ ಉತ್ತರವನ್ನಷ್ಟೇ ವಾಪಸ್ ಕಳಿಸುತ್ತದೆ. ಸರ್ವರ್ ತನ್ನ ಕಡೆಯೂ ಅದೇ ಲೆಕ್ಕ ಮಾಡಿ ಹೋಲಿಸುತ್ತದೆ. ದಾರಿಯಲ್ಲಿ ಯಾರಾದರೂ ಉತ್ತರ ಕದ್ದರೂ ಮುಂದಿನ ಸಲ ಸಂಖ್ಯೆ ಬೇರೆ, ಹಾಗಾಗಿ ಕದ್ದದ್ದು ಕೆಲಸಕ್ಕೆ ಬರಲ್ಲ. ಯೋಚನೆ ಚೆನ್ನಾಗಿಯೇ ಇದೆ. ಮೋಡೆಮ್ ಹಾಕಿ ಇಂಟರ್‌ನೆಟ್ ಹಿಡಿಯುತ್ತಿದ್ದ ಕಾಲದ ಚಾಪ್, 1997ರ ಎಚ್‌ಟಿಟಿಪಿ ಡೈಜೆಸ್ಟ್ ಎಂಬ ಲಾಗಿನ್ ವಿಧಾನಗಳು, ಎರಡೂ ಇದೇ ದಾರಿಯವು.

ಸಮಸ್ಯೆ ಇರುವುದು ಬೇರೆ ಕಡೆ. ಬ್ರೌಸರ್‌ನಲ್ಲಿ ಆ ಲೆಕ್ಕ ಮಾಡುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಬರುವುದು ಎಲ್ಲಿಂದ? ಅದೇ ಸರ್ವರ್‌ನಿಂದ, ಅದೇ ಬೀಗವಿಲ್ಲದ ದಾರಿಯಲ್ಲಿ. ನಮ್ಮ ಮಲೆನಾಡಿನಲ್ಲಿ ಎಷ್ಟೋ ಎಸ್ಟೇಟ್‌ಗಳಲ್ಲಿ ಆಫೀಸಿನ ಕಂಪ್ಯೂಟರಿಗೂ ಹೋಮ್‌ಸ್ಟೇಗೆ ಬಂದವರ ಮೊಬೈಲಿಗೂ ಒಂದೇ ವೈಫೈ, ಅಲ್ವಾ? ಅಲ್ಲಿ ನಡುವೆ ಕೂತವನೊಬ್ಬ ಆ ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಸಾಲು ಬದಲಿಸಿದರೆ ಸಾಕು, ನೀವು ಟೈಪ್ ಮಾಡಿದ ಪಾಸ್‌ವರ್ಡ್ ಹಾಗೆ ಹಾಗೇ ಅವನಿಗೆ ಹೋಗುತ್ತದೆ, ಹ್ಯಾಶ್ ಒಡೆಯುವ ಕೆಲಸವೇ ಅವನಿಗಿಲ್ಲ. ಪುಟ ನೋಡೋಕೆ ಮೊದಲಿನಂತೆಯೇ ಇರುತ್ತದೆ. ನಿಮಗೆ ಗೊತ್ತೂ ಆಗಲ್ಲ.

ಸೊಸೈಟಿ ಖಾತೆಯಲ್ಲಿ ಏನು ಮಹಾ ಇರುತ್ತೆ ಅಂತ ಕೇಳುವವರಿದ್ದಾರೆ. ಆದರೆ ಜಾಸ್ತಿ ಜನ ಅದೇ ಪಾಸ್‌ವರ್ಡನ್ನು ಇಮೇಲ್‌ಗೂ ಇಟ್ಟಿರುತ್ತಾರೆ.

ಇನ್ನೊಂದು ತೊಂದರೆ ಡೇಟಾಬೇಸ್‌ನಲ್ಲಿದೆ, ನನ್ನ ಪ್ರಕಾರ ಇದೇ ದೊಡ್ಡದು. ಸರ್ವರ್ ಕೂಡ ಅದೇ ಲೆಕ್ಕ ಮಾಡಬೇಕಾದರೆ ಅದರ ಹತ್ತಿರ ಪಾಸ್‌ವರ್ಡೇ ಇರಬೇಕು, ಇಲ್ಲವೇ ಪಾಸ್‌ವರ್ಡ್‌ನ ಹ್ಯಾಶ್ ಇರಬೇಕು. ಹ್ಯಾಶ್ ಇಟ್ಟಿದ್ದರೆ, ಡೇಟಾಬೇಸ್ ಕದ್ದವನು ಅದನ್ನು ಒಡೆಯಬೇಕಾಗಿಲ್ಲ. ಆ ಹ್ಯಾಶ್ ಬಳಸಿಯೇ ಸರಿಯಾದ ಉತ್ತರ ಕಳಿಸಿ ಸೀದಾ ಒಳಗೆ ಬರಬಹುದು. ಎಚ್‌ಟಿಟಿಪಿಎಸ್ ಮೇಲೆ ಪಾಸ್‌ವರ್ಡ್ ಕಳಿಸಿ, ಸರ್ವರ್‌ನಲ್ಲಿ ಬಿಕ್ರಿಪ್ಟ್ ಅಥವಾ ಆರ್ಗಾನ್2 ಎಂಬ ಹ್ಯಾಶ್ ಹಾಕಿಟ್ಟರೆ ಹಾಗಾಗಲ್ಲ, ಅಲ್ಲಿ ಒಳಗೆ ಬರಲು ಹ್ಯಾಶ್ ಸಾಲದು, ಪಾಸ್‌ವರ್ಡೇ ಬೇಕು. ಇವನ್ನು ಬೇಕೆಂದೇ ನಿಧಾನವಾಗಿ ಓಡುವಂತೆ ಮಾಡಿದ್ದಾರೆ. ಕದ್ದವನು ಒಂದೊಂದೇ ಪಾಸ್‌ವರ್ಡ್ ಊಹಿಸುತ್ತಾ ಕೂರಬೇಕು. ಪಾಸ್‌ವರ್ಡ್ ಕಳಿಸುವ ಸಾದಾ ವಿಧಾನವೇ ಇಲ್ಲಿ ಹೆಚ್ಚು ಭದ್ರ ಅನ್ನುವುದನ್ನು ಮಾರುವವರು ಹೇಳುವುದೇ ಇಲ್ಲ.

ಸರ್ವರ್ ಪಾಸ್‌ವರ್ಡನ್ನು ನೋಡಲೇಬಾರದು ಎಂಬ ಆಸೆ ತಪ್ಪು ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ಟ್ವಿಟರ್, 2019ರಲ್ಲಿ ಫೇಸ್‌ಬುಕ್, ತಮ್ಮ ಒಳಗಿನ ಕಡತಗಳಲ್ಲಿ ಪಾಸ್‌ವರ್ಡ್‌ಗಳು ಓದಲು ಬರುವಂತೆಯೇ ಉಳಿದಿದ್ದವು ಎಂದು ತಾವೇ ಒಪ್ಪಿಕೊಂಡವು. ಅಷ್ಟು ದೊಡ್ಡವರಿಗೇ ಹಾಗಾಗಿದೆ. ಇದಕ್ಕೆ ಸರಿಯಾಗಿ ಯೋಚಿಸಿ ಮಾಡಿದ ವಿಧಾನಗಳೂ ಇವೆ. 1998ರ ಎಸ್‌ಆರ್‌ಪಿ ಇದೆ, 2010ರಲ್ಲಿ ಬಂದ ಸ್ಕ್ರ್ಯಾಮ್ ಇದೆ. ಸ್ಕ್ರ್ಯಾಮ್‌ನಲ್ಲಿ ಡೇಟಾಬೇಸ್ ಕದ್ದ ಮಾತ್ರಕ್ಕೆ ಲಾಗಿನ್ ಆಗೋಕೆ ಬರಲ್ಲ, ಪೋಸ್ಟ್‌ಗ್ರೆಸ್ ಡೇಟಾಬೇಸ್ 2017ರಿಂದ ಅದನ್ನು ಬಳಸಲು ಅವಕಾಶ ಕೊಟ್ಟಿದೆ. ಆದರೆ ಅಲ್ಲಿ ಲೆಕ್ಕ ಮಾಡುವ ಪ್ರೋಗ್ರಾಂ ಮೊದಲೇ ನಿಮ್ಮ ಕಂಪ್ಯೂಟರಿನಲ್ಲಿರುತ್ತದೆ, ಪ್ರತಿ ಸಲ ಬೀಗವಿಲ್ಲದ ದಾರಿಯಲ್ಲಿ ಇಳಿದು ಬರುವುದಿಲ್ಲ. ಈಗ ಪಾಸ್‌ವರ್ಡ್ ಬದಲಿಗೆ ಫೋನ್‌ಗಳಲ್ಲಿ ಬರುತ್ತಿರುವ ಪಾಸ್‌ಕೀ ಕೂಡ ಇದೇ ಸವಾಲು-ಉತ್ತರದ ಪದ್ಧತಿ. ಗುಟ್ಟಿನ ಕೀಲಿ ಬಳಕೆದಾರರ ಕಡೆಯೇ ಇರುತ್ತದೆ, ಸರ್ವರ್ ಹತ್ತಿರ ಕದಿಯುವಂಥದ್ದು ಏನೂ ಇರಲ್ಲ. ನಕಲಿ ಸೈಟಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಪಾಸ್‌ಕೀ ಕೂಡ ಎಚ್‌ಟಿಟಿಪಿಎಸ್ ಇಲ್ಲದ ಸೈಟಿನಲ್ಲಿ ನಡೆಯಲ್ಲ ಎಂಬುದನ್ನು ಗಮನಿಸಿ.

ಖರ್ಚಿನ ನೆಪವೂ ಸರಿಯಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟನ್ನು ಪುಕ್ಕಟೆ ಕೊಡುತ್ತಿದೆ. ವರ್ಷಕ್ಕೆ ಇಷ್ಟು ಅಂತ ಎಎಂಸಿ (ನಿರ್ವಹಣೆ ಒಪ್ಪಂದದ ಹಣ) ತೆಗೆದುಕೊಳ್ಳುವವರಿಗೆ ಅದನ್ನು ಹಾಕಿಕೊಡುವುದು ದೊಡ್ಡ ಕೆಲಸವೇನಲ್ಲ.

ಸೊಸೈಟಿಯ ಸೆಕ್ರೆಟರಿಗಳಿಗೂ ನಿರ್ದೇಶಕರಿಗೂ ನನ್ನ ವಿನಂತಿ: ಸಾಫ್ಟ್‌ವೇರ್‌ನವರು ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಕೂರಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೇರೆಯವರ ಕೈಯಲ್ಲಿ ಕೆಲಸ ಮಾಡಿಸಿದರೂ ಡೇಟಾ ಸಂಗ್ರಹಿಸುವ ಸಂಸ್ಥೆಯೇ ಹೊಣೆ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಹೇಳಿ ನೋಡಿ. ಹಳೇ ಪಾಸ್‌ವರ್ಡನ್ನೇ ಎಸ್‌ಎಂಎಸ್ ಮಾಡಿದರೆ ಅಥವಾ ಫೋನಿನಲ್ಲಿ ಓದಿ ಹೇಳಿದರೆ, ಎಲ್ಲ ಸದಸ್ಯರ ಪಾಸ್‌ವರ್ಡೂ ಅವರ ಕಣ್ಣಿಗೆ ಕಾಣುವಂತೆ ಇದೆ ಎಂದೇ ಅರ್ಥ. ಅಂಥವರ ಎಎಂಸಿ ನವೀಕರಿಸುವ ಮುಂಚೆ ಅದನ್ನು ಸರಿಮಾಡಿಸಿ. ಸಹಕಾರ ಇಲಾಖೆಯವರು ವರ್ಷದ ಆಡಿಟ್‌ನಲ್ಲಿ ಹಣದ ಲೆಕ್ಕದ ಜೊತೆ ಇದನ್ನೂ ಕೇಳಲಿ.

ಇಂತಿ,
ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ಓದುಗ, ಹಾಸನ